ಹುಸಿ ಗಬ್ಬ ಆದ ನಾಯಿಗೆ ಆಪರೇಷನ್ ಯಾವಾಗ ಮಾಡಿಸಬೇಕ್ರಿ?

ಕೇಳಿದವರು, ಮುಧೋಳ ತಾಲೂಕು

ನಮ್ಮ ಮುಧೋಳ ತಳಿ ಹೆಣ್ಣು ನಾಯಿಗೆ ಮೂರು ವರ್ಷ, ತೂಕ 22 ಕೆ.ಜಿ. ಅಕ್ಟೋಬರ್ 5ಕ್ಕ ಬೆದಿಗೆ ಬಂದು ರಕ್ತ ಕಾಣಿಸಿತ್ತು. ಈಗ ಡಿಸೆಂಬರ್ ಎರಡನೇ ವಾರ. ಮೊಲಿ ಬಾತು ಹಾಲು ಇಳಿಯಾಕತ್ತೈತಿ, ಕೊಟ್ಟಿಗಿ ಮೂಲ್ಯಾಗ ಗೋಣಿ ತಟ್ಟು ಕೆದರಿ ಗೂಡು ಮಾಡ್ಕೊಂಡೈತಿ, ಹಳೇ ಚಪ್ಪಲಿ ಒಂದನ್ನ ಮರಿ ಹಂಗ ಕಾಯ್ತೈತಿ, ಹತ್ತಿರ ಹೋದ್ರ ಗುರ್ ಅಂತೈತಿ. ಗಂಡು ನಾಯಿಗೆ ಬಿಟ್ಟಿಲ್ಲ. ಒಬ್ಬರು ಈ ವಾರನ ಗರ್ಭಕೋಶ, ಅಂಡಾಶಯ ತಗಿಯೂ ಆಪರೇಷನ್ ಮಾಡಿಸಿಬಿಡ್ರಿ ಅಂತಾರ, ಇನ್ನೊಬ್ಬರು ಒಂದು ಸೂಲು ಮರಿ ಹಾಕಿಸ್ರಿ, ತಾನ ಹೋಗ್ತೈತಿ ಅಂತಾರ. ಬಲ್ಲವರು ಹೇಳ್ರಿ.

ಪಶುವೈದ್ಯರು, ಬಾಗಲಕೋಟೆ

ಹಾಲು ಇರುವಾಗ ಆಪರೇಷನ್ ಬೇಡ. ಬೆದೆ ಮುಗಿದ ಮೇಲೆ ನಾಯಿ ಗಂಡಿನ ಜತೆ ಕೂಡಿರಲಿ ಬಿಡಲಿ, ಅಂಡಾಶಯದಿಂದ ಸುಮಾರು ಎರಡು ತಿಂಗಳು ಗರ್ಭ ಕಾಯುವ ಹಾರ್ಮೋನ್ ಪ್ರೊಜೆಸ್ಟರಾನ್ ಬರುತ್ತಲೇ ಇರುತ್ತದೆ. ಅದು ಇಳಿಯುವ ಹೊತ್ತಿಗೆ ಮೆದುಳಿನ ಬುಡದ ಪಿಟ್ಯುಟರಿ ಗ್ರಂಥಿಯಿಂದ ಹಾಲು ತರಿಸುವ ಹಾರ್ಮೋನ್ ಪ್ರೊಲ್ಯಾಕ್ಟಿನ್ ಏರುತ್ತದೆ. ಹಾಲು ಇಳಿಯುವುದು, ಗೂಡು ಕಟ್ಟುವುದು, ಚಪ್ಪಲಿ ಕಾಯುವುದು ಎಲ್ಲ ಇದರದೇ ಕೆಲಸ. ಗರ್ಭವಿಲ್ಲದೆ ಹೀಗಾಗುವುದೇ ಹುಸಿ ಗಬ್ಬ. ಈಗ ಅಂಡಾಶಯ ತೆಗೆದರೆ ಉಳಿದಿದ್ದ ಪ್ರೊಜೆಸ್ಟರಾನ್ ಒಮ್ಮೆಲೇ ಇಳಿದು ಪ್ರೊಲ್ಯಾಕ್ಟಿನ್ ಇನ್ನೂ ಏರುತ್ತದೆ. ಎರಡು ಮೂರು ವಾರಕ್ಕೆ ತಾನಾಗಿ ಹೋಗಬೇಕಾದದ್ದು ತಿಂಗಳುಗಟ್ಟಲೆ ಎಳೆಯಬಹುದು, ಸಿಡುಕು ಸ್ವಭಾವವೂ ಹಾಗೇ ಉಳಿಯಬಹುದು. ಇನ್ನೊಂದು ತೊಂದರೆ ಕೊಯ್ಯುವ ಜಾಗದ್ದು. ಹೊಕ್ಕುಳ ಕೆಳಗೆ, ಎರಡು ಸಾಲು ಮೊಲೆಗಳ ನಡುವೆ ಕೊಯ್ಯಬೇಕು. ಅವು ಬಾತಿದ್ದರೆ ರಕ್ತ ಹೆಚ್ಚು ಹೋಗುತ್ತದೆ, ಹಾಲು ಗಾಯಕ್ಕೆ ಸೋರಿ ಹೊಲಿಗೆ ಕೂಡಲು ತಡವಾಗುತ್ತದೆ.

ಲೆಕ್ಕವನ್ನು ರಕ್ತ ಕಂಡ ಮೊದಲ ದಿನದಿಂದ ಹಿಡಿಯಿರಿ. ಮೂರೂವರೆಯಿಂದ ಐದು ತಿಂಗಳ ನಡುವೆ ಗರ್ಭಕೋಶ, ಅಂಡಾಶಯ ಎರಡೂ ಶಾಂತವಾಗಿರುತ್ತವೆ. ನಿಮ್ಮ ನಾಯಿಗೆ ಅದು ಜನವರಿ 20ರಿಂದ ಮಾರ್ಚ್ ಮೊದಲ ವಾರದವರೆಗೆ. ತಾರೀಖಿಗಿಂತ ಮೊಲೆ ನೋಡುವುದು ಮುಖ್ಯ. ಹಾಲು ಪೂರ್ತಿ ಬತ್ತಿ, ಮೊಲೆ ಹೊಟ್ಟೆಗೆ ಅಂಟಿಕೊಂಡಂತಾಗಿ, ಅದಾದ ಮೇಲೂ ಮೂರು ವಾರ ಬಿಡಿ. ಹಾಗಂತ ಏಪ್ರಿಲ್‌ಗೆ ತಳ್ಳಬೇಡಿ. ಬಹಳಷ್ಟು ನಾಯಿಗಳು ಆರೇಳು ತಿಂಗಳಿಗೊಮ್ಮೆ ಬೆದೆಗೆ ಬರುತ್ತವೆ, ಬೆದೆಯಲ್ಲಿ ಗರ್ಭಕೋಶದ ರಕ್ತನಾಳಗಳು ಉಬ್ಬಿರುತ್ತವೆ. ಬೆದೆ ಬಂದೇಬಿಟ್ಟರೆ ಮತ್ತೆ ಮೊದಲಿನಿಂದ ಎಣಿಸಬೇಕು.

ಇದೆಲ್ಲಕ್ಕೂ ಮೊದಲು ಈ ವಾರವೇ ಒಂದು ಎಕ್ಸ್‌ರೇ ಅಥವಾ ಸ್ಕ್ಯಾನಿಂಗ್ ಮಾಡಿಸಿ. ಹೊಲದ ಮನೆಯಲ್ಲಿ ಬೇಲಿ ನುಸುಳಿ ಬರುವ ನಾಯಿ ಯಾರ ಕಣ್ಣಿಗೂ ಬೀಳುವುದಿಲ್ಲ. ರಕ್ತ ಕಂಡು ಎರಡನೇ ವಾರದಲ್ಲಿ ಕೂಡಿದ್ದರೆ, 63 ದಿನದ ಲೆಕ್ಕಕ್ಕೆ ನಿಜವಾದ ಮರಿಗಳು ಬರುವುದೂ ಇದೇ ಹೊತ್ತಿಗೆ. ಈ ಹಂತದಲ್ಲಿ ಮರಿಗಳಿದ್ದರೆ ಎಕ್ಸ್‌ರೇಯಲ್ಲಿ ತಲೆಬುರುಡೆ, ಬೆನ್ನೆಲುಬು ಎಣಿಸುವಷ್ಟು ಸ್ಪಷ್ಟವಾಗಿ ಕಾಣುತ್ತವೆ.

ನಾಯಿ ಸಾಕಣೆದಾರರು, ವಿಜಯಪುರ

ಡಾಕ್ಟರ್ ಸಾಹೇಬ್ರು ಹೇಳಿದ್ದು ಖರೆ ಅದ. ಹಾಲು ಬತ್ತೂ ತನಕ ಮನ್ಯಾಗ ಏನು ಮಾಡ್ಬೇಕು ಅನ್ನೂದನ್ನ ಹೇಳ್ತೀನಿ. ಮೊಲಿ ಹಿಂಡಬ್ಯಾಡ್ರಿ, ಬಿಸಿನೀರಿನ ಶಾಖ ಕೊಡಬ್ಯಾಡ್ರಿ, ಎಣ್ಣಿ ಹಚ್ಚಿ ತಿಕ್ಕಬ್ಯಾಡ್ರಿ. ಮೊಲಿಗೆ ಕೈ ಹತ್ತಿದಷ್ಟೂ ಹಾಲು ಹೆಚ್ಚಾಗ್ತದ. ನಾಯಿ ತಾನ ನೆಕ್ಕಿಕೊಂಡ್ರೂ ಹಂಗ, ಅದಕ್ಕ ಕೊರಳಿಗೆ ಕೋನ್ ಹಾಕ್ರಿ, ಇಲ್ಲಾ ಹಳೇ ಬನಿಯನ್ ತೊಡಿಸಿ ಬೆನ್ನ ಮ್ಯಾಲೆ ಗಂಟು ಹಾಕ್ರಿ.

ಪಾಪ, ಸೊರಗಿ ಹೋಗ್ಯಾಳ ಅಂತ ಹಾಲು, ತತ್ತಿ, ಬೆಲ್ಲ ಕೊಡೋ ರೂಢಿ ನಮ್ಮ ಕಡೆ ಭಾಳ ಅದ. ಅದನ್ನ ನಿಲ್ಲಿಸ್ರಿ. ದಿನದ ಊಟದಾಗ ಕಾಲು ಭಾಗ ಕಡಿಮಿ ಮಾಡ್ರಿ, ಅದೂ ನಾಕೈದು ದಿನ ಅಷ್ಟ. ಮುಧೋಳ ನಾಯಿ ಮೊದಲ ಸಣಕಲು, ಮೈಯಾಗ ಕೊಬ್ಬು ಇರೂದಿಲ್ಲ. ನೀರು ಕಟ್ಟಿದ್ರ ಹಾಲು ಬತ್ತತದ ಅಂತ ಯಾರರೆ ಹೇಳಿದ್ರ ಕೇಳಬ್ಯಾಡ್ರಿ, ನೀರು ಯಾವಾಗ್ಲೂ ಮುಂದ ಇರ್ಲಿ.

ಚಪ್ಪಲಿನ ಅದರ ಬಾಯಿಂದ ಕಸ್ಕೊಳ್ಳಿಕ್ಕ ಹೋಗಬ್ಯಾಡ್ರಿ, ಮರಿ ಅಂತ ತಿಳಕೊಂಡಿರ್ತದ, ಕಚ್ಚತದ. ಮುಂಜಾನೆ ಯಾರರೆ ಒಬ್ಬರು ಅಡ್ಡಾಡಿಸಿಕೊಂಡು ಬರೂದ್ರಾಗ ಇನ್ನೊಬ್ಬರು ತಟ್ಟು, ಚಪ್ಪಲಿ ಎಲ್ಲಾ ತಗದು ಆ ಮೂಲಿ ಮುಚ್ಚಿಬಿಡ್ರಿ. ಸಣ್ಣ ಹುಡುಗರನ್ನ ಗೂಡಿನ ಹತ್ರ ಬಿಡಬ್ಯಾಡ್ರಿ.

ಔಷಧ ಅಂಗಡಿ ನಡೆಸುವವರು, ಜಮಖಂಡಿ

ಗುಳಿಗಿ ವಿಚಾರ ಹೇಳ್ತೀನ್ರಿ, ಇದರಾಗ ಭಾಳ ಮಂದಿ ತಪ್ಪತಾರ. ಹಾಲು ಭಾಳ ಇದ್ರ ಡಾಕ್ಟರ್ ಪ್ರೊಲ್ಯಾಕ್ಟಿನ್ ಇಳಿಸೂ ಕ್ಯಾಬರ್ಗೋಲಿನ್ ಬರೀತಾರ. ರೂಢಿಯ ಡೋಸು ಕೆ.ಜಿ.ಗೆ 5 ಮೈಕ್ರೋಗ್ರಾಂ, ದಿನಕ್ಕ ಒಮ್ಮೆ, ಐದರಿಂದ ಏಳು ದಿನ. 22 ಕೆ.ಜಿ. ನಾಯಿಗೆ 110 ಮೈಕ್ರೋಗ್ರಾಂ. ಅಂಗಡ್ಯಾಗ ಸಿಗೂದು ಮನುಷ್ಯಾರ ಗುಳಿಗಿ, 0.25 ಮತ್ತು 0.5 ಮಿ.ಗ್ರಾಂ. ಅಂದ್ರ 0.25ರ ಗುಳಿಗಿ ಅರ್ಧ ಮಾಡಿದ್ರ ಹತ್ತಿರ ಹತ್ತಿರ ಸರಿ ಹೋಗ್ತೈತಿ. ಅದ ಅಳತಿ ಅಂತ 0.5ರದ್ದು ಅರ್ಧ ಹಾಕಿದ್ರ ಎರಡು ಪಟ್ಟು ಆಗಿ ನಾಯಿ ವಾಂತಿ ಮಾಡಿ ಮಾಡಿ ಸುಸ್ತಾಗ್ತೈತಿ. ಚೀಟಿ ಮ್ಯಾಲಿನ ಅಂಕಿ, ಗುಳಿಗಿ ಮ್ಯಾಲಿನ ಅಂಕಿ ಎರಡೂ ಓದಿ ನೋಡ್ರಿ. ಊಟದ ಜೋಡಿ ಕೊಡ್ರಿ. ವಾಂತಿ ಆತು ಅಂತ ವಾಂತಿ ನಿಲ್ಲಿಸೂ ಮೆಟೊಕ್ಲೋಪ್ರಮೈಡ್ ಹಾಕಿದ್ರ ಈ ಗುಳಿಗಿ ಕೆಲಸಾನ ಅದು ಕೆಡಸ್ತೈತಿ, ಡಾಕ್ಟರ್‌ಗೆ ಕೇಳಿ ಬ್ಯಾರೆ ತಗೋರಿ. ನಿಜವಾದ ಗಬ್ಬ ಇದ್ರ ಕ್ಯಾಬರ್ಗೋಲಿನ್‌ನಿಂದ ಗರ್ಭಪಾತ ಆಗ್ತೈತಿ, ಅದಕ್ಕ ಎಕ್ಸ್‌ರೇ ಮೊದಲು, ಗುಳಿಗಿ ಆಮ್ಯಾಲೆ.

ಕೇಳಿದವರು

ಎಲ್ಲಾರಿಗೂ ಉಪಕಾರ ಆತ್ರಿ. ಎರಡು ದಿನದಿಂದ ನೀರು ಜಾಸ್ತಿ ಕುಡಿಯಾಕತ್ತೈತಿ. ಹಾಲು ಇರೂದಕ್ಕ ಹಂಗ ಇರಬಹುದೇನ್ರಿ?

ಪಶುವೈದ್ಯರು, ಬಾಗಲಕೋಟೆ

ಹಾಗಿದ್ದರೆ ಸ್ಕ್ಯಾನಿಂಗನ್ನು ನಾಳೆಗೂ ಇಡಬೇಡಿ. ಹಾಲಿನಿಂದ ಸ್ವಲ್ಪ ಬಾಯಾರಿಕೆ ಆಗಬಹುದು ನಿಜ, ಆದರೆ ಗರ್ಭಕೋಶದಲ್ಲಿ ಕೀವು ತುಂಬುವ ಪಯೋಮೆಟ್ರಾ ಬರುವುದೂ ಬೆದೆಯಾದ ಒಂದೆರಡು ತಿಂಗಳಲ್ಲೇ. ಹುಸಿ ಗಬ್ಬ, ಪಯೋಮೆಟ್ರಾ ಎರಡೂ ಒಂದೇ ನಾಯಿಯಲ್ಲಿ ಒಟ್ಟಿಗೆ ಇರಬಹುದು. ವಿಪರೀತ ನೀರು, ವಿಪರೀತ ಮೂತ್ರ, ಊಟ ಬಿಡುವುದು, ವಾಂತಿ, ಮಂಕು ಪಯೋಮೆಟ್ರಾದ ಗುರುತು. ಗರ್ಭಕೋಶದ ಬಾಯಿ ತೆರೆದಿದ್ದರೆ ಬಾಲದ ಕೆಳಗೆ ವಾಸನೆಯ ಕೀವು ಕಾಣುತ್ತದೆ. ಮುಚ್ಚಿದ್ದರೆ ಹೊರಗೆ ಒಂದು ಹನಿಯೂ ಬರುವುದಿಲ್ಲ, ಅದೇ ಹೆಚ್ಚು ಅಪಾಯ, ಒಳಗೇ ಒಡೆಯಬಹುದು. ಜ್ವರ ನೋಡಿ: ನಾಯಿಗೆ 101ರಿಂದ 102.5 ಫ್ಯಾರನ್‌ಹೀಟ್ ಸಹಜ. ಆದರೆ ಪಯೋಮೆಟ್ರಾದಲ್ಲಿ ಜ್ವರ ಇಲ್ಲದೆಯೂ ಇರಬಹುದು, ಥರ್ಮಾಮೀಟರ್ ನೋಡಿ ಸಮಾಧಾನ ಪಡಬೇಡಿ. ಕೀವು ಇದೆ ಎಂದಾದರೆ ನಾನು ಮೇಲೆ ಹೇಳಿದ ತಿಂಗಳ ಲೆಕ್ಕವೆಲ್ಲ ಬಿಟ್ಟು, ಹಾಲಿದ್ದರೂ ಸಲೈನ್, ಆಂಟಿಬಯೋಟಿಕ್ ಕೊಟ್ಟು ಕೂಡಲೇ ಆಪರೇಷನ್ ಮಾಡಬೇಕು. ಹಾಲಿಗೆ ಕ್ಯಾಬರ್ಗೋಲಿನ್ ಆಮೇಲೆ ಕೊಟ್ಟರಾಯಿತು.

ಮೊಲೆಗಳನ್ನೂ ದಿನಕ್ಕೊಮ್ಮೆ ಕಣ್ಣಲ್ಲಿ ನೋಡಿ. ಎಲ್ಲವೂ ಒಂದೇ ಸಮ ಮೆತ್ತಗೆ ಬಾತಿದ್ದರೆ ಸರಿ. ಒಂದೇ ಮೊಲೆ ಕಲ್ಲಿನಂತೆ ಗಟ್ಟಿಯಾಗಿ, ಕೆಂಪಾಗಿ, ಮುಟ್ಟಿದರೆ ಬಿಸಿಯಾಗಿದ್ದರೆ ಅದು ಕೆಚ್ಚಲು ಬಾವು, ಅದಕ್ಕೆ ಬೇರೆ ಚಿಕಿತ್ಸೆ.

ನಾಯಿ ಸಾಕಣೆದಾರರು, ವಿಜಯಪುರ

ಒಂದು ಸೂಲು ಮರಿ ಹಾಕಿಸೂ ಮಾತು ಉಳೀತು. ಮರಿ ಹಾಕಿದ ನಾಯಿಗೂ ಮುಂದಿನ ಬೆದಿಗೆ ಹುಸಿ ಗಬ್ಬ ಬರ್ತದ, ಅದರಿಂದ ಏನೂ ವಾಸಿ ಆಗೂದಿಲ್ಲ. ಬೆದಿ ಬರದಂಗ ಮಾಡೂ ಇಂಜೆಕ್ಷನ್ ಅಂತೂ ಬ್ಯಾಡೇ ಬ್ಯಾಡ್ರಿ, ಅದರಿಂದನ ಗರ್ಭಕೋಶದಾಗ ಕೀವು ಆಗೂದು, ಮೊಲ್ಯಾಗ ಗಂಟು ಬರೂದು.

ಆಪರೇಷನ್ ಥಿಯೇಟರ್ ಸಹಾಯಕರು, ಬೆಳಗಾವಿ

ಸ್ಕ್ಯಾನಿಂಗ್ ಚಲೋ ಬಂದು ಜನವರಿಗೆ ದಿನ ಗೊತ್ತಾದ್ರ ಇಷ್ಟು ನೋಡ್ಕೋರಿ. ಒಂದು ವಾರ ಮೊದಲ ರಕ್ತ ಪರೀಕ್ಷೆ ಆಗಬೇಕು. ಹಿಮೋಗ್ಲೋಬಿನ್, ಕಿಡ್ನಿ, ಲಿವರ್ ಜೋಡಿ ರಕ್ತ ಹೆಪ್ಪುಗಟ್ಟಿಸೂ ಕಣ, ಪ್ಲೇಟ್‌ಲೆಟ್ ಎಣಿಕಿ ಮರೀಬ್ಯಾಡ್ರಿ. ನಮ್ಮ ಕಡೆ ನಾಯಿಗೆ ಉಣ್ಣಿ ಜ್ವರ ಭಾಳ, ನೋಡಾಕ ಗಟ್ಟಿಮುಟ್ಟಾಗಿದ್ರೂ ಪ್ಲೇಟ್‌ಲೆಟ್ ಇಳಿದಿರ್ತಾವು, ಟೇಬಲ್ ಮ್ಯಾಲೆ ರಕ್ತ ನಿಲ್ಲೂದಿಲ್ಲ. ಉಣ್ಣಿ ಜ್ವರ ಅಂತ ಖಾತ್ರಿ ಆದ್ರ ಡಾಕ್ಸಿಸೈಕ್ಲಿನ್ 28 ದಿನ ಮುಗಿಸಿ, ಮತ್ತ ಎಣಿಸಿ, ಆಮ್ಯಾಲೆ ಆಪರೇಷನ್.

ಅರಿವಳಿಕೆ ಕೊಡವ್ರಿಗೆ ಇದು ಮುಧೋಳ ತಳಿ ಅಂತ ಮೊದಲ ಹೇಳ್ರಿ. ಕೊಬ್ಬು ಕಡಿಮಿ ಇರೋ ಬೇಟಿ ನಾಯಿ ಥಯೋಪೆಂಟೋನ್ ಕೊಟ್ರ ಭಾಳ ಹೊತ್ತು ಏಳೂದಿಲ್ಲ, ಪ್ರೊಪೊಫಾಲ್ ಐತೇನ್ರಿ ಅಂತ ಕೇಳ್ರಿ. ಮೈ ಬೇಗ ತಣ್ಣಗಾಗ್ತೈತಿ, ಕಂಬಳಿ ನೀವ ಒಯ್ರಿ. ಹಿಂದಿನ ರಾತ್ರಿ 10ರ ಮ್ಯಾಲೆ ಊಟ ಬ್ಯಾಡ, ನೀರು ಯಾವಾಗ ನಿಲ್ಲಿಸಬೇಕು ಅನ್ನೂದನ್ನ ಡಾಕ್ಟರ್‌ಗೆ ಕೇಳ್ರಿ.

ಮನಿಗೆ ಕರ್ಕೊಂಡು ಬಂದ ರಾತ್ರಿ ಒಸಡು ಎತ್ತಿ ನೋಡ್ರಿ. ಗುಲಾಬಿ ಇದ್ರ ಚಲೋ, ಬೆಳ್ಳಗಾಗಿ ನಾಯಿ ನಡಗಾಕತ್ರ ಒಳಗ ರಕ್ತ ಹೊಂಟೈತಿ ಅಂತ ತಿಳಕೊಂಡು ಆಗಿಂದಾಗ ವಾಪಸ್ ಒಯ್ರಿ. ನೋವಿಗೆ ಅಂತ ಮನ್ಯಾಗಿನ ಡೈಕ್ಲೋಫೆನಾಕ್, ಪ್ಯಾರಾಸಿಟಮಾಲ್ ಕೊಡಬ್ಯಾಡ್ರಿ. ಹೊಲಿಗಿ 10ರಿಂದ 14 ದಿನಕ್ಕ ಬಿಚ್ಚತಾರ, ಅಲ್ಲಿ ತನಕ ಕೋನ್ ತಗೀಬ್ಯಾಡ್ರಿ, ಹಗ್ಗ ಬಿಟ್ಟು ಓಡಸಬ್ಯಾಡ್ರಿ. ಈ ತಳಿ ಒಂದು ಮೊಲ ಕಂಡ್ರ ಸಾಕು, ಒಳಗಿನ ಹೊಲಿಗಿ ಕಿತ್ತು ಹೋಗೂ ಹಂಗ ಜಿಗೀತೈತಿ. ಬಿಡುಗಡಿ ಚೀಟ್ಯಾಗ ಎರಡೂ ಅಂಡಾಶಯ, ಗರ್ಭಕೋಶ ತಗದೇವಿ ಅಂತ ಬರಸ್ಕೋರಿ. ಅಂಡಾಶಯದ ಒಂದು ಚೂರು ಒಳಗ ಉಳಿದ್ರೂ ನಾಯಿ ಮತ್ತ ಬೆದಿಗೆ ಬರ್ತೈತಿ, ಅದರ ಹಿಂದ ಇದ ಹುಸಿ ಗಬ್ಬ ಬರ್ತೈತಿ. ಹಂಗೇನರೆ ಆದ್ರ ಆ ಚೀಟಿ ತಗೊಂಡು ಹೋಗಿ ಹಾರ್ಮೋನ್ ಪರೀಕ್ಷೆ ಮಾಡಸ್ರಿ.