ಪದಚರ್ಚೆ: ಜೀವನಚರಿತ್ರಕಾರ / ಚರಿತಕಾರ / ಬಾಳ್ಗತೆಗಾರ

ಪ್ರಶ್ನೆ:
ಪ್ರಾಚೀನ ಗ್ರೀಕ್ ಲೇಖಕ ಪ್ಲೂಟಾರ್ಕನ ಕುರಿತ ಲೇಖನವೊಂದರ ಅನುವಾದ ನಾಳೆ ಅಚ್ಚಿಗೆ ಹೋಗಬೇಕು. ಅಲೆಕ್ಸಾಂಡರನ ಬಾಳನ್ನು ಹೇಳಲು ತೊಡಗುವಾಗ ಆತ, ತಾನು ಬರೆಯುತ್ತಿರುವುದು ‘ಹಿಸ್ಟೋರಿಯಾ’ ಅಲ್ಲ, ‘ಬಿಯೋಸ್’ ಎನ್ನುತ್ತಾನೆ. ‘ಚರಿತ್ರೆಯಲ್ಲ, ಜೀವನಚರಿತ್ರೆ’ ಎಂದರೆ ಅಲ್ಲಗಳೆದ ಪದವೇ ಮತ್ತೆ ಬಂದು ಕೂರುತ್ತದೆ. ಬರೆದವನನ್ನು ‘ಜೀವನಚರಿತ್ರಕಾರ’ ಎಂದರೂ ಅದೇ ತೊಡಕು. ಬೇರೆ ಪದ ಇದೆಯೇ?

ಉತ್ತರ:
ಎದುರಿನ ಪದ ಬದಲಿಸಿ: ‘ಇತಿಹಾಸಕಾರನಲ್ಲ, ಜೀವನಚರಿತ್ರಕಾರ’. ಕಾಗುಣಿತ ನೋಡಿಕೊಳ್ಳಿ. -ಕಾರ ಹತ್ತಿದರೆ ‘ಚರಿತ್ರಕಾರ’, -ಗಾರ ಹತ್ತಿದರೆ ‘ಚರಿತ್ರೆಗಾರ’. ‘ಚರಿತ್ರೆಕಾರ’ ಎರಡೂ ಅಲ್ಲ.

ಉತ್ತರ:
ಸಂಸ್ಕೃತದ ಸಾಲ ಏಕೆ? ಬಿಯೋಸ್ ಅಂದರೆ ಬಾಳು. ‘ಬಾಳ್ಗತೆ’, ಬರೆದವನು ‘ಬಾಳ್ಗತೆಗಾರ’. ಮುಗಿಯಿತು.

ಉತ್ತರ:
ಮುಗಿಯಲಿಲ್ಲ. ‘ಕತೆ’ ಕಥಾ ಶಬ್ದದ ತದ್ಭವ, ‘-ಗಾರ’ -ಕಾರದ ತದ್ಭವ. ಮೂರರಲ್ಲಿ ಅಚ್ಚಗನ್ನಡ ಒಂದೇ. ಅದೂ ಹಳಗನ್ನಡದಲ್ಲಿ ‘ಬಾೞ್’. ‘ಬಾಳ್’ ಎಂದರೆ ಕತ್ತಿ. ಹಳೆಯ ರೂಪವೇ ಬೇಕಿದ್ದರೆ ೞಕಾರವನ್ನೂ ಬರೆಯಿರಿ.

ಇಲ್ಲಿ ಸಲ್ಲುವುದು ‘ಚರಿತ’. ‘ಚರ್’ ಧಾತುವಿನಿಂದ ಬಂದದ್ದು, ನಡೆ, ನಡತೆ ಎಂದು ಅರ್ಥ. ಬಿಯೋಸ್ ಕೂಡ ಬರೀ ಜೀವವಲ್ಲ, ಬದುಕುವ ಬಗೆ. ಪ್ಲೂಟಾರ್ಕ್ ಅಲ್ಲೇ ಹೇಳುವುದೂ ಇದನ್ನೇ: ಸಾವಿರಾರು ಜನ ಮಡಿದ ಕಾಳಗಕ್ಕಿಂತ ಒಂದು ಮಾತು, ಒಂದು ತಮಾಷೆ ಮನುಷ್ಯನ ಸ್ವಭಾವವನ್ನು ಹೆಚ್ಚು ತೋರಿಸುತ್ತದೆ. ಅಶ್ವಘೋಷನ ಬುದ್ಧಚರಿತ, ಬಾಣನ ಹರ್ಷಚರಿತ, ಜನ್ನನ ಯಶೋಧರಚರಿತೆ (1209), ಎಲ್ಲದರಲ್ಲೂ ಒಬ್ಬನ ಬಾಳ ನಡೆಯೇ ಚರಿತ. ‘ಚರಿತ್ರೆ’ ಹಿಸ್ಟರಿಗೆ ಗಂಟುಬಿದ್ದದ್ದು ಆಮೇಲೆ. ಆದ್ದರಿಂದ ‘ಚರಿತಕಾರ’.

ಉತ್ತರ:
ತದ್ಭವ ಕನ್ನಡವೇ. ಹಳಗನ್ನಡದ ವ್ಯಾಕರಣಕಾರ ಕೇಶಿರಾಜ ಅರಿಸಮಾಸವೆಂದು (ಸಲ್ಲದ ಸಮಾಸವೆಂದು) ದೂರುವುದು ಸಂಸ್ಕೃತಕ್ಕೆ ಕನ್ನಡ ಬೆಸೆದಾಗ, ತದ್ಭವಕ್ಕೆ ಬೆಸೆದಾಗಲ್ಲ. ಕತ್ತಿ ಕಣ್ಣಿಗೆ ಚುಚ್ಚಿದರೆ ‘ಬಾಳುಗತೆ’ ಎನ್ನಿ. ‘ಚರಿತಕಾರ’ವನ್ನು ಓದುಗರು ‘ಚರಿತ್ರಕಾರ’ದ ಅಚ್ಚಿನ ತಪ್ಪು ಅಂದುಕೊಳ್ಳುತ್ತಾರೆ. ನಿಮಗೆ ಗ್ರೀಕಿನ ಧಾತು ಬೇಕು, ಸಂಸ್ಕೃತದ ಧಾತು ಬೇಕು, ಕನ್ನಡದ್ದು ಮಾತ್ರ ಬೇಡ.

ಉತ್ತರ:
ಸಾಲದ ಜಗಳ ಬೇರೆ ಎಳೆಯಲ್ಲಿ ಆಡಿ. ನಾಳೆಯ ಅಚ್ಚಿಗೆ: ಆ ವಾಕ್ಯದಲ್ಲಿ ‘ಇತಿಹಾಸವಲ್ಲ, ಚರಿತ’ ಎಂದಿರಲಿ. ಪಕ್ಕದಲ್ಲಿ ‘ಇತಿಹಾಸ’ ಇರುವುದರಿಂದ ಅಚ್ಚಿನ ತಪ್ಪೆಂದು ಯಾರೂ ಓದುವುದಿಲ್ಲ. ಒಂಟಿಯಾಗಿ ನಿಲ್ಲುವ ತಲೆಬರಹದಲ್ಲಿ ಆ ಆಸರೆ ಸಿಗದು, ಅಲ್ಲಿ -ಕಾರವನ್ನೇ ಬಿಡಿ: ‘ಗ್ರೀಕರ, ರೋಮನರ ಬಾಳನ್ನು ಜೋಡಿ ಜೋಡಿಯಾಗಿ ಬರೆದ ಪ್ಲೂಟಾರ್ಕ್’.