ಹೊಸ ಲ್ಯಾಪ್‌ಟಾಪ್‌ಗೆ ಝ್ಯಾಂಪ್ ಹಾಕಿದೆ, ಪುಸ್ತಕಗಳ ಹೆಸರೆಲ್ಲ ಕೆಟ್ಟು ಕಾಣುತ್ತಿದೆ

ಸಾಗರದ ಓದುಗಿ:
ಎಲ್ಲರಿಗೂ ನಮಸ್ಕಾರ. ಅಪ್ಪ ಕೂಡಿಟ್ಟ ಪುಸ್ತಕಗಳನ್ನು ನಾವು ಊರಿನವರಿಗೆ ಓದಲು ಕೊಡುತ್ತೇವೆ. ಒಟ್ಟು 1,860 ಪುಸ್ತಕ. ಪಟ್ಟಿಯನ್ನು ನಾನೇ ಎರಡು ವರ್ಷ, ರಾತ್ರಿ ಊಟ ಆದಮೇಲೆ ಕೂತು ಟೈಪ್ ಮಾಡಿದ್ದು. ಹುಡುಕಲು ಪಿಎಚ್‌ಪಿ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಒಂದು ಸಣ್ಣ ವೆಬ್ ಪುಟ ಬರೆದುಕೊಂಡಿದ್ದೇನೆ.

ಹಳೇ ಕಂಪ್ಯೂಟರ್ ಇವತ್ತೋ ನಾಳೆಯೋ ಅನ್ನುವ ಸ್ಥಿತಿಯಲ್ಲಿದೆ. ಹೊಸ ಲ್ಯಾಪ್‌ಟಾಪ್ ತಂದು ವಿಂಡೋಸ್ 11ರಲ್ಲಿ ಝ್ಯಾಂಪ್ (ವೆಬ್ ಸರ್ವರ್, ಡೇಟಾಬೇಸ್, ಪಿಎಚ್‌ಪಿ ಎಲ್ಲ ಒಟ್ಟಿಗೆ ಬರುವ ಪ್ಯಾಕೇಜ್) ಹಾಕಿದೆ. ಅದರಲ್ಲಿರುವ ವೆಬ್ ಸರ್ವರ್ ಅಪಾಚೆ ಶುರುವೇ ಆಗಲಿಲ್ಲ, ಅದು ಕೇಳುವ ಬಾಗಿಲು, ಅಂದರೆ ಪೋರ್ಟ್ 80, ಬಳಕೆಯಲ್ಲಿದೆ ಎಂದಿತು. ಅಳಿಸಿ ಮತ್ತೆ ಹಾಕಿದರೂ ಅಷ್ಟೇ. ಹಳೇ ಕಂಪ್ಯೂಟರ್‌ನಿಂದ ಡಂಪ್ (ಡೇಟಾಬೇಸ್ ಪೂರ್ತಿ ಒಂದು ಫೈಲ್ ಆಗಿ) ತೆಗೆದು ಹಾಕಿದೆ, ಡೇಟಾಬೇಸ್ ಏನೋ ಬಂತು. ಆದರೆ ಅದರಲ್ಲಿ ಕನ್ನಡ ಇರಬೇಕಾದ ಕಡೆ ತಲೆಯ ಮೇಲೆ ಗೀಟಿರುವ ಇಂಗ್ಲಿಷ್ ಎ, ಪಕ್ಕದಲ್ಲಿ ಸಣ್ಣ 2, ಬರೀ ಇಂಥವೇ ಸಾಲು ಸಾಲು. ನನ್ನ ಪಟ್ಟಿ ಹೋಯಿತಾ?

ಪೋರ್ಟ್_ಮಂಗಳೂರು:
ಅಕ್ಕ, ಅಪಾಚೆಯದ್ದು ಸುಲಭ. ಝ್ಯಾಂಪ್ ಕಂಟ್ರೋಲ್ ಪ್ಯಾನಲ್‌ನಲ್ಲಿ ನೆಟ್‌ಸ್ಟಾಟ್ ಬಟನ್ ಒತ್ತಿ, 80 ಯಾರ ಕೈಯಲ್ಲಿದೆ ಎಂದು ಗೊತ್ತಾಗುತ್ತದೆ. ಅದನ್ನು ನಿಲ್ಲಿಸುವುದು ಬೇಡ ಅನ್ನಿಸಿದರೆ ಅಪಾಚೆಯ ಕಾನ್ಫಿಗ್ ಫೈಲ್ ತೆಗೆದು ‘ಲಿಸನ್ 80’ ಇರುವ ಸಾಲನ್ನು 8080 ಮಾಡಿ. ಬ್ರೌಸರ್‌ನಲ್ಲಿ ಲೋಕಲ್‌ಹೋಸ್ಟ್ ಎಂದು ಬರೆದಾದ ಮೇಲೆ ಕೋಲನ್ ಹಾಕಿ 8080 ಬರೆಯಿರಿ. ಮತ್ತೆ ಅಳಿಸಿ ಹಾಕುವುದು ಸುಮ್ನೆ ದಂಡ.

ಬೈಟ್_ಧಾರವಾಡ:
ಪಟ್ಟಿ ಹೋಗಿಲ್ಲ, ಧೈರ್ಯವಾಗಿರಿ. ಸಾಲಾಗಿ ಪ್ರಶ್ನೆ ಚಿಹ್ನೆ ಬಂದಿದ್ದರೆ ನಿಜಕ್ಕೂ ಹೋಗಿರುವ ಸಾಧ್ಯತೆ ಇತ್ತು. ನಿಮಗೆ ಕಾಣುತ್ತಿರುವುದು ಕನ್ನಡವೇ.

ಅಕ್ಷರಗಳನ್ನು ಕಂಪ್ಯೂಟರ್ ಬೈಟ್‌ಗಳಾಗಿ ಇಡುವ ಕ್ರಮಗಳಿವೆ; ಅವುಗಳಲ್ಲಿ ಯೂಟಿಎಫ್-8ರಲ್ಲಿ ಒಂದೊಂದು ಕನ್ನಡ ಅಕ್ಷರಕ್ಕೂ ಮೂರು ಬೈಟ್. ‘ಕನ್ನಡ’ ಎಂದು ಬರೆದರೆ ಕ, ನ, ವಿರಾಮ (ಒತ್ತಕ್ಷರ ಮಾಡುವ ಗುರುತು), ನ, ಡ, ಹೀಗೆ ಐದು ಸೇರಿ 15 ಬೈಟ್. ಆ ಮೂರರಲ್ಲಿ ಮೊದಲನೆಯದನ್ನು ಲ್ಯಾಟಿನ್-1 (ಒಂದು ಅಕ್ಷರಕ್ಕೆ ಒಂದೇ ಬೈಟ್ ಇಡುವ ಹಳೇ ಕ್ರಮ) ಎಂದು ಓದಿದರೆ ಗೀಟಿನ ಎ, ಎರಡನೆಯದು ಸಣ್ಣ 2 ಅಥವಾ 3. ನಿಮ್ಮ ಹಳೇ ಟೇಬಲ್ ಲ್ಯಾಟಿನ್-1 ಆಗಿರಬೇಕು.

ಹಳೇ ಕಂಪ್ಯೂಟರ್ ಇನ್ನೂ ಏಳುತ್ತದಲ್ವಾ? ಅಲ್ಲೇ ಡಂಪ್ ತೆಗೆಯುವ ಮೈಎಸ್‌ಕ್ಯೂಎಲ್‌ಡಂಪ್‌ಗೆ ಕ್ಯಾರೆಕ್ಟರ್ ಸೆಟ್ (ಚಾರ್‌ಸೆಟ್, ಅಂದರೆ ಈ ಅಕ್ಷರಕ್ರಮ) ಲ್ಯಾಟಿನ್-1 ಎಂದೇ ಹೇಳಿ ಇನ್ನೊಮ್ಮೆ ಡಂಪ್ ತೆಗೆಯಿರಿ. ಆ ಫೈಲನ್ನು ವಿಎಸ್ ಕೋಡ್ ಎಡಿಟರ್‌ನಲ್ಲಿ ತೆರೆದರೆ ಶುದ್ಧ ಕನ್ನಡ ಕಾಣಬೇಕು. ಕಂಡರೆ ಒಂದು ನಕಲು ಬೇರೆ ಇಟ್ಟು, ಫೈಲ್‌ನಲ್ಲಿ ‘ಸೆಟ್ ನೇಮ್ಸ್’ ಮತ್ತು ‘ಚಾರ್‌ಸೆಟ್’ ಮುಂದಿರುವ ಲ್ಯಾಟಿನ್-1 ಅನ್ನು ಯೂಟಿಎಫ್8ಎಂಬಿ4 (ಮೈಎಸ್‌ಕ್ಯೂಎಲ್‌ನಲ್ಲಿ ಯೂಟಿಎಫ್-8ರ ಹೆಸರು) ಮಾಡಿ, ಆಮೇಲೆ ಇಂಪೋರ್ಟ್ ಮಾಡಿ. ಪಿಎಚ್‌ಪಿಯಲ್ಲೂ ಡೇಟಾಬೇಸ್‌ಗೆ ಕನೆಕ್ಟ್ ಆದ ಮುಂದಿನ ಸಾಲಿನಲ್ಲೇ ಇದೇ ಚಾರ್‌ಸೆಟ್ ಕೊಡಿ. ಇದನ್ನು ಬಿಟ್ಟವರೇ ಜಾಸ್ತಿ.

ಸಾಗರದ ಓದುಗಿ:
ಫೈಲ್ ತೆರೆದಾಗ ಕನ್ನಡ ಕಂಡಿತು! ಅಮ್ಮನನ್ನು ಕರೆದು ತೋರಿಸಿದೆ. ಇಬ್ಬರಿಗೂ ತುಂಬಾ ಧನ್ಯವಾದ. 8080ರಲ್ಲಿ ಪುಟವೂ ಬರುತ್ತಿದೆ.

ಒಂದೇ ಅನುಮಾನ. ಉದ್ದದ ಹೆಸರುಗಳು ಅರ್ಧಕ್ಕೇ ನಿಂತಿವೆ, ತುದಿಯಲ್ಲಿ ಕಪ್ಪು ಡೈಮಂಡ್ ಒಳಗೆ ಪ್ರಶ್ನೆ ಚಿಹ್ನೆ. ಹೆಸರಿನ ಕಾಲಂ 100ರ ವಾರ್‌ಚಾರ್, ಅಂದರೆ ಹೆಚ್ಚೆಂದರೆ 100 ಅಕ್ಷರ ಹಿಡಿಯುವ ಪಠ್ಯದ ಕಾಲಂ.

ಬೈಟ್_ಧಾರವಾಡ:
ಲ್ಯಾಟಿನ್-1ರಲ್ಲಿ 100 ಅಂದರೆ 100 ಬೈಟ್. ಅದರಲ್ಲಿ 33 ಕನ್ನಡ ಅಕ್ಷರ ಹಿಡಿದು ಒಂದು ಬೈಟ್ ಉಳಿಯುತ್ತದೆ. ಆ ಡೈಮಂಡ್ ಅದೇ. ಹೆಸರುಗಳು ತುಂಡಾದದ್ದು ಈಗಲ್ಲ, ನೀವು ಟೈಪ್ ಮಾಡಿದ ದಿನವೇ. ಅವನ್ನು ಪುಸ್ತಕ ನೋಡಿಯೇ ಮತ್ತೆ ಬರೆಯಬೇಕು. ಹೊಸ ಟೇಬಲ್‌ನಲ್ಲಿ 100 ಅಂದರೆ 100 ಅಕ್ಷರ, ಇನ್ನು ಜಾಗ ಸಾಲುತ್ತದೆ.

ಸಾಗರದ ಓದುಗಿ:
ಎಣಿಸಿದೆ, 23 ಇವೆ. ಪುಸ್ತಕಗಳನ್ನು ಕಪಾಟಿನಿಂದ ಇಳಿಸಿ ಮೇಜಿನ ಮೇಲೆ ಜೋಡಿಸಿಕೊಂಡಿದ್ದೇನೆ. ರಾತ್ರಿ ಊಟ ಆದಮೇಲೆ ಕೂರುತ್ತೇನೆ.