ವಾಚ್‌ಮನ್‌ಗೆ "ಏಯ್" ಅಂತಾಳೆ ಮಗಳು, ಕಲಿತದ್ದು ಅವಳ ಅಪ್ಪನಿಂದ. ಏನು ಮಾಡೋದು?

ಎರಡುಜಡೆ:
ಮಗಳಿಗೆ ಐದು ವರ್ಷ. ಪ್ಲೀಸ್, ಥ್ಯಾಂಕ್ಯೂ ಎಲ್ಲಾ ಸ್ಕೂಲಲ್ಲಿ ಕಲಿಸಿದ್ದಾರೆ. ನೆಂಟರು ಬಂದರೆ ಕೈ ಮುಗಿಯುತ್ತಾಳೆ, ಎಲ್ಲರೂ ಎಷ್ಟು ಒಳ್ಳೆ ಹುಡುಗಿ ಅಂತಾರೆ. ಮೊನ್ನೆ ಅಪಾರ್ಟ್‌ಮೆಂಟ್ ಗೇಟಿನ ಹತ್ತಿರ ಸೈಕಲ್ ನಿಲ್ಲಿಸಿ ವಾಚ್‌ಮನ್‌ಗೆ "ಏಯ್, ಗೇಟ್ ತೆಗಿ" ಅಂದಳು. ಅವರಿಗೆ ನಮ್ಮಪ್ಪನ ವಯಸ್ಸು. ಪಾಪ, ನಕ್ಕು ತೆಗೆದರು. ನನಗೆ ಮುಖ ಎಲ್ಲಿಟ್ಟುಕೊಳ್ಳಲಿ ಅನ್ನಿಸಿತು. ಆ ಸ್ವರ, ಕೈ ಆಡಿಸಿದ ರೀತಿ ಎಲ್ಲಾ ಥೇಟ್ ಅವಳ ಅಪ್ಪನದೇ. ನಮ್ಮ ಯಜಮಾನರು ಕೆಟ್ಟವರಲ್ಲ, ಅದೇ ವಾಚ್‌ಮನ್ ಮೊಮ್ಮಗನ ಫೀಸಿಗೆ ದುಡ್ಡು ಕೊಟ್ಟಿದ್ದಾರೆ, ಆದರೆ ಮಾತು ಮಾತ್ರ ಹಾಗೆ. ಹೇಳಿದರೆ "ಸುಮ್ನೆ ದೊಡ್ಡದು ಮಾಡ್ಬೇಡ, ಬೆಳೀತಾ ಸರಿ ಹೋಗ್ತಾಳೆ" ಅಂತಾರೆ. ಮಗೂನ ಬೈದು ತಿದ್ದಲಾ? ಇಲ್ಲಾ ಮೊದಲು ಇವರನ್ನಾ?

ಧಾರವಾಡದಾಂವ:
ಬೈಯೋಕೆ ಹೋಗಬೇಡ್ರಿ ಅಕ್ಕಾರ. ಮಗು ತಪ್ಪು ಮಾಡಿಲ್ಲ, ಕಂಡದ್ದನ್ನು ಮಾಡಿದೆ ಅಷ್ಟೇ. ನಮ್ಮ ಕಡೆ ಕಸದ ಗಾಡಿಯವರಿಗೂ, ಕಂಡಕ್ಟರ್‌ಗೂ ಎಲ್ಲರಿಗೂ ರೀ ಹಚ್ಚಿಯೇ ಮಾತಾಡೋದು, ನಮಗೆ ಯಾರೂ ಕೂರಿಸಿ ಹೇಳಿಕೊಟ್ಟಿಲ್ಲ. ಹಾಗಂತ ನಮ್ಮಲ್ಲಿ ಎಲ್ಲರೂ ಸಂಭಾವಿತರು ಅಂತಲ್ಲ ಮತ್ತೆ, ರೀ ಹಚ್ಚಿಕೊಂಡೇ ಚೆನ್ನಾಗಿ ಬೈಯ್ಯುವವರೂ ಇದ್ದಾರೆ!

ಮೂರನೇ_ಬೆಂಚು:
"ಬೆಳೀತಾ ಸರಿ ಹೋಗ್ತಾಳೆ" ಅನ್ನೋ ಯಜಮಾನರಿಗೆ ಇದನ್ನು ಓದಿ ಹೇಳಿ. 1961ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಆಲ್ಬರ್ಟ್ ಬಂಡೂರಾ ಅನ್ನುವವರು ಮೂರರಿಂದ ಆರು ವರ್ಷದೊಳಗಿನ 72 ಮಕ್ಕಳ ಮೇಲೆ ಒಂದು ಪ್ರಯೋಗ ಮಾಡಿದರು. ಗಾಳಿ ತುಂಬಿದ ದೊಡ್ಡ ಬೊಂಬೆಗೆ ದೊಡ್ಡವರೊಬ್ಬರು ಗುದ್ದೋದು, ಸುತ್ತಿಗೆಯಲ್ಲಿ ಬಾರಿಸೋದು, ಜೊತೆಗೆ ಬೈಯೋದು. ಇದನ್ನು ಕೆಲವು ಮಕ್ಕಳಿಗೆ ತೋರಿಸಿದರು. ನೀವೂ ಹೀಗೆ ಮಾಡಿ ಅಂತ ಯಾರೂ ಹೇಳಿರಲಿಲ್ಲ. ಆಮೇಲೆ ಬೊಂಬೆ ಇರೋ ರೂಮಿಗೆ ಬಿಟ್ಟರೆ ಅವರಲ್ಲಿ ಎಷ್ಟೋ ಮಕ್ಕಳು ಅದೇ ಹೊಡೆತ ಹೊಡೆದರು, ಅವೇ ಮಾತು ಆಡಿದರು. ಸುಮ್ಮನೆ ಬೇರೆ ಆಟಿಕೆ ಜೋಡಿಸುತ್ತಾ ಕೂತಿದ್ದವರನ್ನು ನೋಡಿದ ಮಕ್ಕಳಲ್ಲಿ ಇದು ತೀರಾ ಕಡಿಮೆ. ಅಂದರೆ ಒಳ್ಳೇದನ್ನೂ ಹಾಗೇ ಹಿಡಿಯುತ್ತವೆ ಅನ್ನೋದು ನನ್ನ ಲೆಕ್ಕ. ಇನ್ನೊಂದು, ಯಜಮಾನರನ್ನು ಮಗಳ ಎದುರು ತಿದ್ದಬೇಡಿ. ಆಗ ಅವಳು ಇನ್ನೊಂದನ್ನು ಕಲಿಯುತ್ತಾಳೆ.

ಹಸಿಕಸ_ಒಣಕಸ:
ನಮ್ಮ ಮನೇಲಿ ಕೆಲಸಕ್ಕೆ ಬಂದದ್ದು ಮಾತಿಗಿಂತ ಕಸ. ನಗಬೇಡಿ. ಬೆಂಗಳೂರಿನಲ್ಲಿ ಹಸಿರು ಬುಟ್ಟಿಗೆ ಹಸಿಕಸ, ಕೆಂಪು ಬುಟ್ಟಿಗೆ ಪ್ಯಾಡ್, ಡಯಾಪರ್ ಇಂಥದ್ದು, ಒಣಕಸಕ್ಕೆ ಚೀಲ. ಇಷ್ಟು ಎಲ್ಲರಿಗೂ ಗೊತ್ತು. ಒಮ್ಮೆ ಗಾಜಿನ ಲೋಟ ಒಡೆದಾಗ ನಮ್ಮೆಜಮಾನರು ಚೂರುಗಳನ್ನು ಪೇಪರಲ್ಲಿ ಎರಡು ಸುತ್ತು ಸುತ್ತಿ, ಟೇಪ್ ಹಾಕಿ, ಮೇಲೆ ಸ್ಕೆಚ್ ಪೆನ್ನಲ್ಲಿ ದಪ್ಪಗೆ "ಗಾಜು" ಅಂತ ಬರೆದರು. ಮಗ ಯಾಕೆ ಅಂದ. "ನಾಳೆ ಇದನ್ನು ಕೈ ಹಾಕಿ ಬೇರೆ ಮಾಡೋ ಆಂಟಿ ಇದಾರಲ್ಲ, ಅವರ ಕೈ ಕುಯ್ಯುತ್ತೆ" ಅಂದರು. ಅಷ್ಟೇ, ಭಾಷಣ ಇಲ್ಲ. ಈಗ ಬಲ್ಬ್ ಹೋದರೂ ಮಗನೇ ಸ್ಕೆಚ್ ಪೆನ್ ತಂದು ನಿಲ್ಲುತ್ತಾನೆ. ಕಸದ ಗಾಡಿಯವರು ಬಂದರೆ ಓಡಿಹೋಗಿ "ಆಂಟೀ, ಇದರಲ್ಲಿ ಗಾಜಿದೆ" ಅಂತಾನೆ. ನಿಮ್ಮ ಮಗಳಿಗೂ ಇಂಥ ಒಂದು ಕೆಲಸ ಅಪ್ಪನ ಜೊತೆಗೇ ಸಿಗಲಿ.

ಕಹಿಬೇವು:
ಎಲ್ಲಾ ಸರಿ, ಆದರೆ ನಾಟಕ ಮಾಡಬೇಡಿ. ಡೆಲಿವರಿ ಹುಡುಗನಿಗೆ "ಥ್ಯಾಂಕ್ಸ್ ಅಣ್ಣಾ, ನೀರು ಬೇಕಾ?" ಅಂದು ಬಾಗಿಲು ಹಾಕಿದ ಮೇಲೆ "ಇವನಿಗೆ ಅಡ್ರೆಸ್ ಓದೋಕೂ ಬರಲ್ಲ" ಅಂದರೆ ಮಗುವಿಗೆ ಎರಡೂ ಕೇಳಿಸುತ್ತದೆ. ಯಾವುದು ನಿಜ ಅಂತ ಅದಕ್ಕೆ ಚೆನ್ನಾಗಿ ಗೊತ್ತು. ಕಾರಿನಲ್ಲಿ ಹಿಂದಿನ ಸೀಟಿನಲ್ಲಿ ಕೂತು ಅವು ಕಲಿಯೋ ಬೈಗುಳದ ವಿಷಯ ಎತ್ತೋದೇ ಬೇಡ. ಸಿಲ್ಕ್ ಬೋರ್ಡ್ ಸಿಗ್ನಲ್ ಒಂದೇ ಸಾಕು.

ಎರಡುಜಡೆ:
ಬೊಂಬೆ ಕಥೆ ಇವರಿಗೆ ಓದಿ ಹೇಳಿದೆ. "ನಾನೇನು ವಾಚ್‌ಮನ್‌ಗೆ ಹೊಡೆದ್ನಾ?" ಅಂದರು 😄 ಆದರೆ ಸಂಜೆ ಗೇಟಿನ ಹತ್ತಿರ ಸ್ವಲ್ಪ ತಗ್ಗಿಯೇ ಮಾತಾಡಿದರು, ಗಮನಿಸಿದೆ. ಒಂದೇ ಒಂದು ಕೇಳಲಾ, ಮಗಳ ಕೈಲಿ ಸಾರಿ ಹೇಳಿಸಬೇಕಾ?

ಮೂರನೇ_ಬೆಂಚು:
ಕೈ ಹಿಡಿದು ಎಳಕೊಂಡು ಹೋಗಿ ಹೇಳಿಸಬೇಡಿ, ಸ್ಕೂಲಿನ ಸಾರಿ ಥರಾನೇ ಬರುತ್ತೆ, ನೆಲ ನೋಡಿಕೊಂಡು. ನೀವೇ ಹೇಳಿ, ಅವಳು ಪಕ್ಕದಲ್ಲಿರಲಿ. "ಮೊನ್ನೆ ಮಗು ಹಾಗಂತು, ಬೇಜಾರು ಮಾಡ್ಕೋಬೇಡಿ ಅಣ್ಣಾ" ಅಂದರೆ ಆಯ್ತು. ಅವರ ಹೆಸರು ಗೊತ್ತಿಲ್ಲದಿದ್ದರೆ ಅದನ್ನೂ ಆಗಲೇ ಕೇಳಿಬಿಡಿ. ಯಜಮಾನರೂ ಜೊತೆಗಿದ್ದರೆ ಇನ್ನೂ ಒಳ್ಳೇದು.